ಬೋರ್ಡು ನಿಮ್ಮದು, ಜಾಗ ಯಾರದ್ದು? ಅಡ್ವಾನ್ಸ್ ಕೊಡೋ ಮುಂಚೆ ತಿಳಿದಿರಬೇಕಾದ ವಿಷಯಗಳು

ತುಮಕೂರು: ಹೊಸ ಅಂಗಡಿ ಆಗಲಿ, ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಶೆಡ್ ಆಗಲಿ, ಪೂಜೆ ದಿನ ಗೊತ್ತಾದ ಕೂಡಲೇ ಮಾಲೀಕರು ಮೊದಲು ಓಡೋದು ಬೋರ್ಡ್ ಮಾಡೋರ ಹತ್ತಿರ. ಸೈಜ್ ಹೇಳ್ತಾರೆ, ಡಿಸೈನ್ ನೋಡ್ತಾರೆ, ಅಡ್ವಾನ್ಸ್ ಕೊಡ್ತಾರೆ. ಆಂಗಲ್ ವೆಲ್ಡಿಂಗ್ ಆಗಿ, ಬೋರ್ಡ್ ಮೇಲೇರಿ, ಲೈಟ್ ಹತ್ತಿದ ಮೇಲೆ ಒಂದು ದಿನ ಕಚೇರಿಯಿಂದ ನೋಟಿಸ್ ಬರುತ್ತೆ. ಇಲ್ಲವೇ ಜೆಸಿಬಿ ಬರುತ್ತೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ನಮ್ಮ ಅಂಗಡಿ ಬೋರ್ಡ್ ನಾವು ಹಾಕೋಕೂ ಪರ್ಮಿಷನ್ ಬೇಕಾ?"

ಉತ್ತರ ಒಂದೇ ಸಾಲಿನಲ್ಲಿ ಹೇಳೋದಾದ್ರೆ, ಬೋರ್ಡ್ ಯಾರದ್ದು ಅನ್ನೋದಕ್ಕಿಂತ ಅದು ನಿಂತಿರೋ ಜಾಗ ಯಾವುದು ಅನ್ನೋದೇ ಮುಖ್ಯ. ಅದೇ ಹೆಸರು, ಅದೇ ಬಣ್ಣ, ಅದೇ ಸೈಜ್ ಇರೋ ಬೋರ್ಡ್ ನಿಮ್ಮ ಬಾಗಿಲ ಮೇಲಿದ್ದಾಗ ಒಂದು ಲೆಕ್ಕ, ತಾರಸಿ ಮೇಲೆ ಹೋದ್ರೆ ಇನ್ನೊಂದು ಲೆಕ್ಕ, ಹೆದ್ದಾರಿ ಪಕ್ಕ ಹೋದ್ರೆ ಮತ್ತೊಂದು. ಕಚೇರಿ ಬದಲಾಗುತ್ತೆ, ಕಾಯ್ದೆ ಬದಲಾಗುತ್ತೆ. ಒಂದು ಕಚೇರಿ ಕೊಟ್ಟ ಕಾಗದ ಇನ್ನೊಂದು ಕಚೇರಿಯಲ್ಲಿ ನಡೆಯೋದಿಲ್ಲ.

ಬಾಗಿಲ ಮೇಲಿನ ಬೋರ್ಡ್

ಮಹಾನಗರ ಪಾಲಿಕೆ ವ್ಯಾಪ್ತಿಗೆ ಅನ್ವಯವಾಗೋದು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ. ಇದರಲ್ಲಿ ಜಾಹೀರಾತಿನ ವಿಷಯ 134ನೇ ಸೆಕ್ಷನ್‌ನಿಂದ ಶುರುವಾಗುತ್ತೆ. ಸಾರ್ವಜನಿಕರ ಕಣ್ಣಿಗೆ ಬೀಳೋ ಹಾಗೆ ಹಾಕಿದ ಜಾಹೀರಾತಿಗೆ ತೆರಿಗೆ ಹಾಕೋ ಅಧಿಕಾರವನ್ನ ಈ ಸೆಕ್ಷನ್ ಪಾಲಿಕೆಗೆ ಕೊಡುತ್ತೆ. ಜೊತೆಗೇ ಕೆಲವು ವಿನಾಯಿತಿಗಳನ್ನೂ ಹೇಳುತ್ತೆ. ವ್ಯಾಪಾರಸ್ಥರು ನೆನಪಲ್ಲಿ ಇಟ್ಟುಕೊಳ್ಳಬೇಕಾದ್ದು ಇವು:

- ಕಟ್ಟಡದ ಕಿಟಕಿಯ ಒಳಗೆ ಹಾಕಿದ ಜಾಹೀರಾತು.
- ಯಾವ ಕಟ್ಟಡ ಅಥವಾ ಜಾಗದಲ್ಲಿ ವ್ಯಾಪಾರ ನಡೆಯುತ್ತೋ ಅದೇ ಕಟ್ಟಡದ ಮೇಲೆ ಆ ವ್ಯಾಪಾರಕ್ಕೇ ಸಂಬಂಧಿಸಿ ಹಾಕಿದ ಬೋರ್ಡ್.
- ಅದೇ ಜಾಗದ ಮಾರಾಟ ಅಥವಾ ಬಾಡಿಗೆ ವಿಷಯದ ಬೋರ್ಡ್. ಮನೆ ಮುಂದಿನ "ಬಾಡಿಗೆಗೆ ಇದೆ" ಅನ್ನೋದು ಇದೇ.
- ಕಟ್ಟಡದ ಹೆಸರು, ಮಾಲೀಕರ ಅಥವಾ ಅಲ್ಲಿರುವವರ ಹೆಸರಿನ ಫಲಕ.

ಅಂದ್ರೆ ಬೇಕರಿ ಬಾಗಿಲ ಮೇಲೆ ಬೇಕರಿ ಹೆಸರು ಇದ್ರೆ ಅದು ಜಾಹೀರಾತು ತೆರಿಗೆಗೆ ಬರೋದಿಲ್ಲ. ಅದೇ ಬೇಕರಿಯವರು ಎರಡು ಬೀದಿ ಆಚೆ, ಸರ್ಕಲ್‌ನಲ್ಲಿರೋ ಸ್ನೇಹಿತರ ಕಟ್ಟಡದ ಗೋಡೆಗೆ "ಮುಂದೆ ಎಡಕ್ಕೆ ತಿರುಗಿ" ಅಂತ ಬೋರ್ಡ್ ಹಾಕಿದ್ರೆ? ಆ ಕಟ್ಟಡದಲ್ಲಿ ಬೇಕರಿ ಇಲ್ಲ. ಹಾಗಾಗಿ ವಿನಾಯಿತಿಯೂ ಇಲ್ಲ. ಸ್ನೇಹಿತರು ಬಾಡಿಗೆ ತಗೊಂಡಿಲ್ಲ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರೋದಿಲ್ಲ.

ಇನ್ನೊಂದು ಎಚ್ಚರಿಕೆ. ತೆರಿಗೆ ವಿನಾಯಿತಿ ಬೇರೆ, ಅನುಮತಿ ಬೇರೆ. ಆಯುಕ್ತರ ಲಿಖಿತ ಅನುಮತಿ ಇಲ್ಲದೆ ಜಾಹೀರಾತು ಹಾಕಬಾರದು ಅಂತ 135ನೇ ಸೆಕ್ಷನ್ ಪ್ರತ್ಯೇಕವಾಗಿ ಹೇಳುತ್ತೆ. ಪಾಲಿಕೆಯ ಬೈಲಾಗಳಲ್ಲೂ ಅಳತೆ, ಎತ್ತರ, ರಸ್ತೆಗೆ ಚಾಚೋ ಮಿತಿ ಇರುತ್ತೆ. "ನನಗೆ ತೆರಿಗೆ ಇಲ್ಲ, ಹಾಗಾಗಿ ನಿಯಮವೂ ಇಲ್ಲ" ಅಂದುಕೊಂಡು ಫುಟ್‌ಪಾತ್ ಮೇಲೆ ನಾಲ್ಕಡಿ ಚಾಚಿಕೊಂಡು ಬೋರ್ಡ್ ಹಾಕಿದವರೇ ಆಮೇಲೆ ತೊಂದರೆಗೆ ಸಿಕ್ಕೋದು.

ತಾರಸಿ ಮೇಲೆ ಹೋದ್ರೆ ಲೆಕ್ಕ ಬೇರೆ

ಮೇಲಿನ ವಿನಾಯಿತಿಗಳಿಗೆಲ್ಲ ಕಾಯ್ದೆ ಒಂದು ಷರತ್ತು ಹಾಕಿದೆ: ಅದು "ಸ್ಕೈ ಸೈನ್" ಆಗಿರಬಾರದು. ಕಟ್ಟಡದ ಮೇಲೆ ಕಂಬ, ಚೌಕಟ್ಟು ನಿಲ್ಲಿಸಿ, ರಸ್ತೆಯಿಂದ ನೋಡಿದ್ರೆ ಬೋರ್ಡ್ ಹಿಂದೆ ಆಕಾಶ ಕಾಣೋ ಹಾಗೆ ಹಾಕೋದನ್ನೇ ಸ್ಕೈ ಸೈನ್ ಅನ್ನೋದು.

ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಎರಡನೇ ಮಹಡಿಯಲ್ಲಿ ಲಾಡ್ಜ್ ಇದೆ, ಲಾಡ್ಜ್ ಹೆಸರಿನ ಬೋರ್ಡ್ ಗೋಡೆಗೆ ಒರಗಿಕೊಂಡಿದೆ ಅಂದ್ರೆ ವಿನಾಯಿತಿ. ಅದೇ ಬೋರ್ಡನ್ನ ತಾರಸಿಗೆ ಏರಿಸಿ, ಆಂಗಲ್ ಕಟ್ಟಿ ನಿಲ್ಲಿಸಿದ್ರೆ ವಿನಾಯಿತಿ ಹೋಯ್ತು. ವ್ಯಾಪಾರ ಅದೇ ಕಟ್ಟಡದಲ್ಲಿದ್ರೂ ಅಷ್ಟೇ. ತಾರಸಿ ಮೇಲಿನ ಬೋರ್ಡ್ ದೂರಕ್ಕೆ ಕಾಣುತ್ತೆ, ಗಾಳಿಗೂ ಸಿಕ್ಕುತ್ತೆ, ಬಿದ್ರೆ ಕೆಳಗೆ ಓಡಾಡೋರ ತಲೆ ಮೇಲೇ ಬೀಳುತ್ತೆ.

ಕಂಪನಿಯವರು ಪುಕ್ಕಟೆ ಕೊಟ್ಟ ಬೋರ್ಡ್

ಪೇಂಟ್ ಅಂಗಡಿ, ಮೊಬೈಲ್ ಅಂಗಡಿ, ಜ್ಯೂಸ್ ಸೆಂಟರ್, ಸಿಮೆಂಟ್ ಡೀಲರ್ ಇವರಿಗೆಲ್ಲ ಕಂಪನಿ ಕಡೆಯವರೇ ಬಂದು ಪುಕ್ಕಟೆ ಬೋರ್ಡ್ ಹಾಕಿಕೊಟ್ಟು ಹೋಗ್ತಾರೆ. ಮುಕ್ಕಾಲು ಭಾಗ ಕಂಪನಿ ಚಿಹ್ನೆ, ಮೂಲೆಯಲ್ಲಿ ಸಣ್ಣದಾಗಿ ಅಂಗಡಿ ಹೆಸರು.

ತಕರಾರು ಶುರುವಾಗೋದು ಇಲ್ಲೇ. ಇದು ಅಂಗಡಿ ಬೋರ್ಡಾ, ಕಂಪನಿ ಜಾಹೀರಾತಾ? ಅಂಗಡಿಯವರು ಮೊದಲನೇದು ಅಂತಾರೆ, ಕಂದಾಯ ವಿಭಾಗದವರು ಎರಡನೇದು ಅನ್ನಬಹುದು. ಕಂಪನಿ ಕಡೆಯವರು ಆಗ ಸಿಗೋದಿಲ್ಲ. ನೋಟಿಸ್ ಬರೋದು ಅಂಗಡಿ ವಿಳಾಸಕ್ಕೇ.

ಹಾಗಾಗಿ ಬೋರ್ಡ್ ಹಾಕಿಸಿಕೊಳ್ಳೋ ಮುಂಚೆ ಡಿಸ್ಟ್ರಿಬ್ಯೂಟರ್ ಹತ್ತಿರ ಒಂದು ಕಾಗದ ಬರೆಸಿಕೊಳ್ಳೋದು ಒಳ್ಳೇದು. ಅನುಮತಿ ಯಾರು ತಗೋಬೇಕು, ಶುಲ್ಕ ಬಂದ್ರೆ ಯಾರು ಕಟ್ಟಬೇಕು, ಬೋರ್ಡ್ ಹಳೇದಾದ ಮೇಲೆ ಇಳಿಸೋದು ಯಾರು ಅನ್ನೋ ಮೂರು ವಿಷಯ ಅದರಲ್ಲಿ ಇರಲಿ. ವಾಟ್ಸಾಪ್‌ನಲ್ಲಿ ಬರೆಸಿಕೊಂಡ್ರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಯಾವ ಜಾಗಕ್ಕೆ ಯಾವ ಕಚೇರಿ?

*ಪಾಲಿಕೆ ವ್ಯಾಪ್ತಿ:* ತುಮಕೂರು ನಗರದೊಳಗೆ ಮಹಾನಗರ ಪಾಲಿಕೆ. ಕಾಯ್ದೆ 1976ರದ್ದು. ಅನುಮತಿ ಕೊಡೋರು ಆಯುಕ್ತರು.

*ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ:* ಶಿರಾ, ತಿಪಟೂರಿನಂಥ ನಗರಸಭೆಗಳಿಗೂ ಉಳಿದ ತಾಲ್ಲೂಕು ಪಟ್ಟಣಗಳಿಗೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿಗಳನ್ನ ಕೇಳಬೇಕು. ದರಪಟ್ಟಿ, ಬೈಲಾ ಊರಿಂದ ಊರಿಗೆ ಬೇರೆ ಇರುತ್ತೆ. ಪಕ್ಕದ ತಾಲ್ಲೂಕಿನ ನೆಂಟರು ಎಷ್ಟು ಕಟ್ಟಿದ್ರು ಅಂತ ಕೇಳಿ ಲೆಕ್ಕ ಹಾಕಬೇಡಿ.

*ಗ್ರಾಮ ಪಂಚಾಯಿತಿ:* ಊರಾಚೆ ಬಂದ್ರೆ ಯಾರೂ ಕೇಳೋದಿಲ್ಲ ಅನ್ನೋದು ತಪ್ಪು ಕಲ್ಪನೆ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಸೆಕ್ಷನ್ ಪ್ರಕಾರ ಗ್ರಾಮ ಪಂಚಾಯಿತಿಗೂ ಜಾಹೀರಾತು ಮತ್ತು ಹೋರ್ಡಿಂಗ್ ಮೇಲೆ ತೆರಿಗೆ ಹಾಕೋ ಅಧಿಕಾರ ಇದೆ. ಇಲ್ಲಿ ಮೊದಲು ಮಾತಾಡಬೇಕಾದ್ದು ಪಿಡಿಒ ಜೊತೆ. ಈ ದುಡ್ಡು ಪಂಚಾಯಿತಿಯ ಸ್ವಂತ ಆದಾಯ. ಹೊಲದಲ್ಲಿ ನಿಂತಿರೋ ದೊಡ್ಡ ಹೋರ್ಡಿಂಗ್‌ನಿಂದ ಪಂಚಾಯಿತಿಗೆ ಎಷ್ಟು ಬರ್ತಿದೆ ಅಂತ ಗ್ರಾಮಸಭೆಯಲ್ಲಿ ಕೇಳೋ ಹಕ್ಕು ಊರಿನವರಿಗೂ ಇದೆ.

*ಕೈಗಾರಿಕಾ ಪ್ರದೇಶ:* ಹೆಚ್ಚು ಗೊಂದಲ ಇರೋದು ಇಲ್ಲಿ. ವಸಂತನರಸಾಪುರವನ್ನೇ ತಗೊಳ್ಳಿ. ಅದು ಕೆಐಎಡಿಬಿ ಅಭಿವೃದ್ಧಿ ಮಾಡಿದ ಪ್ರದೇಶ. 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ಉದ್ಘಾಟಿಸಿದ ಫುಡ್ ಪಾರ್ಕ್ ಇರೋದೂ ಅಲ್ಲೇ. ಇಂಥ ಕಡೆ ನಿವೇಶನ ಹಂಚೋದು, ಕಾರ್ಖಾನೆ ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡೋದು ಕೆಐಎಡಿಬಿ. ಒಳಗಿನ ರಸ್ತೆ, ರಸ್ತೆ ಪಕ್ಕದ ಖಾಲಿ ಜಾಗ, ಸರ್ಕಲ್ ಎಲ್ಲ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗೋವರೆಗೂ ಮಂಡಳಿಯ ಸುಪರ್ದಿಯಲ್ಲೇ ಇರುತ್ತೆ.

ಹಾಗಾಗಿ ನಿಮ್ಮ ಪ್ಲಾಟ್‌ನ ಕಾಂಪೌಂಡ್ ಒಳಗೆ, ನಿಮ್ಮ ಗೇಟ್ ಮೇಲೆ ಕಂಪನಿ ಹೆಸರು ಹಾಕೋದು ಒಂದು. ಕಾಂಪೌಂಡ್ ಆಚೆ, ಮುಖ್ಯ ರಸ್ತೆ ತಿರುವಿನಲ್ಲಿ ಬಾಣದ ಗುರುತು ಹಾಕಿ ಬೋರ್ಡ್ ನೆಡೋದು ಇನ್ನೊಂದು. ಎರಡನೇದು ನಿಮ್ಮ ಜಾಗ ಅಲ್ಲ. ಒಬ್ಬರು ನೆಟ್ಟಿದ್ದನ್ನ ನೋಡಿ ಇನ್ನೊಬ್ಬರು, ಅವರನ್ನ ನೋಡಿ ಮತ್ತೊಬ್ಬರು ನೆಟ್ಟು, ಕೊನೆಗೆ ತಿರುವಿನಲ್ಲಿ ಹದಿನೈದು ಬೋರ್ಡ್ ನಿಂತರೆ, ಲಾರಿ ಡ್ರೈವರ್‌ಗೆ ಒಂದೂ ಓದೋಕೆ ಆಗೋದಿಲ್ಲ. ಎದುರು ಬರೋ ಬೈಕ್ ಕೂಡ ಕಾಣೋದಿಲ್ಲ. ಇದಕ್ಕೆ ದಾರಿ ಅಂದ್ರೆ ಪ್ರವೇಶದಲ್ಲಿ ಎಲ್ಲ ಘಟಕಗಳ ಹೆಸರು, ಪ್ಲಾಟ್ ನಂಬರ್ ಇರೋ ಒಂದೇ ಸಾಮೂಹಿಕ ಫಲಕ. ಒಂಟಿಯಾಗಿ ಹೋಗಿ ಕೇಳೋ ಬದಲು ಕೈಗಾರಿಕೆಗಳ ಸಂಘದ ಮೂಲಕ ಅರ್ಜಿ ಕೊಟ್ರೆ ಕೆಲಸ ಸುಲಭ ಆಗುತ್ತೆ.

ಕೆಲವು ಕಡೆ ಕೈಗಾರಿಕಾ ಪ್ರದೇಶಕ್ಕೇ ಸ್ವಂತ ಸ್ಥಳೀಯ ಸಂಸ್ಥೆ ಇರುತ್ತೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಗೆ 2013ರಲ್ಲಿ ಬಂದ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಅದಕ್ಕೆ ಉದಾಹರಣೆ. ಅಂಥ ಕಡೆ ಪಂಚಾಯಿತಿ ಮಾಡಬೇಕಾದ ಕೆಲಸ ಪ್ರಾಧಿಕಾರಕ್ಕೆ ಸೇರುತ್ತೆ. ಖಾಸಗಿ ಬಿಸಿನೆಸ್ ಪಾರ್ಕ್‌ನಲ್ಲಿ ಬಾಡಿಗೆಗೆ ಇರೋರಿಗೆ ಇನ್ನೂ ಒಂದು ಬೀಗ ಇದೆ, ಅದು ಬಾಡಿಗೆ ಕರಾರು. ಕಟ್ಟಡದ ಹೊರಮೈ ಮೇಲೆ ಹೆಸರು ಹಾಕೋ ಹಕ್ಕು ನಿಮಗೆ ಇದೆಯಾ ಅಂತ ಕರಾರಿನಲ್ಲಿ ಬರೆದಿಲ್ಲ ಅಂದ್ರೆ, ಒಳಗೆ ಕೂತು ಬಾಡಿಗೆ ಕಟ್ಟಿದ್ರೂ ಹೊರಗೆ ಹೆಸರು ಕಾಣೋದಿಲ್ಲ.

*ಹೆದ್ದಾರಿ ಪಕ್ಕ:* ರಾಷ್ಟ್ರೀಯ ಹೆದ್ದಾರಿ 48ರ ಪಕ್ಕ ಬೋರ್ಡ್ ಹಾಕಿದ್ರೆ ದಿನಕ್ಕೆ ಸಾವಿರಾರು ಗಾಡಿಯವರು ನೋಡ್ತಾರೆ ನಿಜ. ಆದ್ರೆ ಹೆದ್ದಾರಿಯ ಜಾಗಕ್ಕೆ 2002ರ ಪ್ರತ್ಯೇಕ ಕೇಂದ್ರ ಕಾಯ್ದೆ ಇದೆ. ಅನುಮತಿ ಇಲ್ಲದೆ ಆ ಜಾಗದಲ್ಲಿ ಏನು ನಿಲ್ಲಿಸಿದ್ರೂ ಅದು ಒತ್ತುವರಿ. ರಾಜ್ಯ ಹೆದ್ದಾರಿ ಆದ್ರೆ ಲೋಕೋಪಯೋಗಿ ಇಲಾಖೆ. ಪಂಚಾಯಿತಿ ರಸೀದಿ ತೋರಿಸಿದ್ರೆ ಇವರು ಯಾರೂ ಒಪ್ಪೋದಿಲ್ಲ.

ರಸ್ತೆ ಬದಿ ಜಾಹೀರಾತು ಎಲ್ಲಿ ಇರಬಾರದು ಅನ್ನೋದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬಹಳ ಹಿಂದೆಯೇ ಮಾರ್ಗಸೂಚಿ ಮಾಡಿದೆ. ಜಂಕ್ಷನ್, ಸೇತುವೆಗಳ 100 ಮೀಟರ್ ಒಳಗೆ, ವಾಹನ ಓಡೋ ರಸ್ತೆಯ ಅಂಚಿನಿಂದ 10 ಮೀಟರ್ ಒಳಗೆ, ಸಂಚಾರ ಸೂಚನಾ ಫಲಕದಿಂದ 50 ಮೀಟರ್ ಒಳಗೆ ಬೇಡ ಅನ್ನುತ್ತೆ ಅದು. ಪೇಟೆಯೊಳಗೆ ಜಂಕ್ಷನ್ ದೂರವನ್ನ 50 ಮೀಟರ್‌ಗೆ ಇಳಿಸೋಕೆ ಅವಕಾಶ ಇದೆ. ಡ್ರೈವರ್ ಕಣ್ಣು ರಸ್ತೆ ಬಿಟ್ಟು ಬೋರ್ಡ್ ಕಡೆ ಹೋದ್ರೆ ಅಪಘಾತ ಆಗುತ್ತೆ ಅನ್ನೋದೇ ಕಾರಣ. 1997ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ರಸ್ತೆಗಳಲ್ಲಿ ಸಂಚಾರಕ್ಕೆ ಅಪಾಯ ಆಗೋ ಹೋರ್ಡಿಂಗ್‌ಗಳನ್ನ ತೆಗೆಸಿ ಅಂದಿದ್ದೂ ಇದೇ ಕಾರಣಕ್ಕೆ.

"ಪರ್ಮಿಷನ್ ಇತ್ತು" ಅಂದಿದ್ದ ಬೋರ್ಡ್

ಒಂದು ಕಚೇರಿ ಅನುಮತಿ ಇನ್ನೊಂದಕ್ಕೆ ಆಗೋದಿಲ್ಲ ಅನ್ನೋದು ಬರೀ ಕಾಗದದ ಮಾತು ಅಲ್ಲ. ಮುಂಬೈನ ಘಾಟ್‌ಕೋಪರ್‌ನಲ್ಲಿ 2024ರ ಮೇ 13ರಂದು ಸಂಜೆ ಗಾಳಿ ಮಳೆಗೆ ದೈತ್ಯ ಹೋರ್ಡಿಂಗ್ ಪೆಟ್ರೋಲ್ ಬಂಕ್ ಮೇಲೆ ಬಿತ್ತು. 17 ಜನ ಸತ್ತರು. 70ಕ್ಕೂ ಹೆಚ್ಚು ಜನಕ್ಕೆ ಗಾಯ ಆಯ್ತು. ಮಳೆ ಅಂತ ಬಂಕ್ ನೆರಳಿಗೆ ನಿಂತಿದ್ದವರೂ ಅದರಡಿ ಸಿಕ್ಕಿಕೊಂಡರು.

ಆ ಹೋರ್ಡಿಂಗ್ 120 ಅಡಿ ಅಗಲ, 120 ಅಡಿ ಎತ್ತರ. ಮುಂಬೈ ಪಾಲಿಕೆ ಒಪ್ಪೋ ಗರಿಷ್ಠ ಅಳತೆ 40 ಅಡಿಗೆ 40 ಅಡಿ. ಲೆಕ್ಕ ಹಾಕಿ ನೋಡಿ: 1,600 ಚದರ ಅಡಿ ಇರಬೇಕಾದ ಕಡೆ 14,400 ಚದರ ಅಡಿ ನಿಂತಿತ್ತು, ಅಂದ್ರೆ ಒಂಬತ್ತು ಪಟ್ಟು. ಜಾಗ ರೈಲ್ವೆ ಪೊಲೀಸರ ಸುಪರ್ದಿಯಲ್ಲಿತ್ತು, ಅನುಮತಿಯೂ ಅವರ ಕಚೇರಿಯಿಂದಲೇ ಹೋಗಿತ್ತು. ಪಾಲಿಕೆ ತನ್ನ ಅನುಮತಿ ಇರಲಿಲ್ಲ ಅಂತು. ಎರಡು ಕಚೇರಿಗಳ ನಡುವಿನ ಸಂದಿಯಲ್ಲಿ ಆ ಬೋರ್ಡ್ ಎದ್ದು ನಿಂತಿತ್ತು.

ಇಲ್ಲಿಯ ಕೈಗಾರಿಕಾ ಪ್ರದೇಶಗಳಲ್ಲೂ, ಹೆದ್ದಾರಿ ಪಕ್ಕದ ಹೊಲಗಳಲ್ಲೂ ಅಂಥ ಸಂದಿಗಳಿವೆ. ಪಂಚಾಯಿತಿ ಕೆಐಎಡಿಬಿ ಕಡೆ ಕೈ ತೋರಿಸಬಹುದು, ಕೆಐಎಡಿಬಿ ಹೆದ್ದಾರಿಯವರ ಕಡೆ ತೋರಿಸಬಹುದು. ಬೋರ್ಡ್ ಬೀಳೋವರೆಗೂ ಯಾರದ್ದೂ ಅಲ್ಲ.

ಗಾಳಿಯ ಲೆಕ್ಕ

ಮುಂಗಾರಿಗೆ ಮುಂಚಿನ ಮಳೆಯಲ್ಲಿ ಗಾಳಿ ಹೇಗೆ ಬೀಸುತ್ತೆ ಅಂತ ಈ ಭಾಗದವರಿಗೆ ಹೇಳಿಕೊಡಬೇಕಿಲ್ಲ. ತೆಂಗಿನ ಗರಿ, ಶೀಟ್, ಬಾಳೆ ತೋಟ ಎಲ್ಲ ಮಲಗುತ್ತೆ. ಬೋರ್ಡ್ ಮೇಲೆ ಆ ಗಾಳಿ ಹಾಕೋ ಒತ್ತಡ ಎಷ್ಟು ಅನ್ನೋದನ್ನ ಮಾತ್ರ ಕಡಿಮೆ ಜನ ಲೆಕ್ಕ ಹಾಕಿರ್ತಾರೆ.

ಕಟ್ಟಡಗಳಿಗೆ ಗಾಳಿ ಲೆಕ್ಕ ಹೇಳೋ ಭಾರತೀಯ ಮಾನಕ ಐಎಸ್ 875ರ 3ನೇ ಭಾಗ. ಬೆಂಗಳೂರಿಗೆ ಅದರಲ್ಲಿ ಇರೋ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಸುಮಾರು 119 ಕಿಲೋಮೀಟರ್. ಅದೇ ಅಂಕಿ ಇಟ್ಟುಕೊಂಡು ಸರಳವಾಗಿ ಲೆಕ್ಕ ಹಾಕಿದ್ರೆ ಪ್ರತಿ ಚದರ ಮೀಟರ್‌ಗೆ ಸುಮಾರು 66 ಕೆಜಿ ಭಾರದಷ್ಟು ಒತ್ತಡ. 20 ಅಡಿಗೆ 10 ಅಡಿ ಬೋರ್ಡ್ ಅಂದ್ರೆ ಸುಮಾರು 18.6 ಚದರ ಮೀಟರ್. ಒಟ್ಟು ಒತ್ತಡ 1,200 ಕೆಜಿ ದಾಟುತ್ತೆ. ಬೋರ್ಡ್‌ನ ತೂಕ ನೂರಿನ್ನೂರು ಕೆಜಿ ಇರಬಹುದು, ಗಾಳಿ ಅದನ್ನ ತಳ್ಳೋದು ಒಂದು ಟನ್‌ಗಿಂತ ಹೆಚ್ಚಿನ ಬಲದಿಂದ.

ಗಾಳಿ ವೇಗ ಎರಡು ಪಟ್ಟಾದ್ರೆ ಒತ್ತಡ ನಾಲ್ಕು ಪಟ್ಟಾಗುತ್ತೆ. "ಹೋದ ವರ್ಷದ ಗಾಳಿಗೆ ಏನೂ ಆಗಿಲ್ಲ" ಅನ್ನೋ ಧೈರ್ಯ ಇದಕ್ಕೇ ಸಾಲೋದಿಲ್ಲ. ತಾರಸಿಯ ಪ್ಯಾರಾಪೆಟ್ ಗೋಡೆಗೆ ನಾಲ್ಕು ಬೋಲ್ಟ್ ಹೊಡೆದು ನಿಲ್ಲಿಸಿದ ಬೋರ್ಡ್ ಬಿದ್ದಾಗ ಗೋಡೆಯನ್ನೂ ಎಳೆದುಕೊಂಡು ಬೀಳುತ್ತೆ. ದೊಡ್ಡ ಬೋರ್ಡ್‌ಗೆ ಸ್ಟ್ರಕ್ಚರಲ್ ಇಂಜಿನಿಯರ್ ಪ್ರಮಾಣಪತ್ರ ಕೇಳೋದು ಈ ಕಾರಣಕ್ಕೆ. ಅದನ್ನ ದುಡ್ಡು ಕೊಟ್ಟು ಸಹಿ ಹಾಕಿಸಿಕೊಳ್ಳೋ ಕಾಗದ ಅಂದುಕೊಂಡ್ರೆ ನಷ್ಟ ಹಾಕಿಸಿದವರಿಗೇ.

ಲೈನ್ ಕೆಳಗೆ ಬೇಡ

2024ರ ಜನವರಿಯಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿ ಗ್ರಾಮದಲ್ಲಿ ನಟ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸೋವಾಗ ವಿದ್ಯುತ್ ತಂತಿ ತಗುಲಿ ಮೂವರು ಯುವಕರು ಸತ್ತರು. ಕಬ್ಬಿಣದ ಚೌಕಟ್ಟು ಉದ್ದ ಇರುತ್ತೆ, ಎತ್ತೋವಾಗ ಎತ್ತ ವಾಲುತ್ತೆ ಅಂತ ಕೆಳಗೆ ಹಿಡಿದವರಿಗೆ ಗೊತ್ತಾಗೋದಿಲ್ಲ.

ಕಟ್ಟಡಕ್ಕೂ 11 ಕೆವಿ ಲೈನ್‌ಗೂ ನಡುವೆ ಅಡ್ಡಕ್ಕೆ ಕನಿಷ್ಠ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಇರಬೇಕು ಅನ್ನೋದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. ಬೋರ್ಡ್ ನಿಂತ ಮೇಲೆ ಈ ಅಂತರ ಇದ್ರೆ ಸಾಲದು, ಎತ್ತೋವಾಗಲೂ ಇರಬೇಕು. ಹತ್ತಿರ ಲೈನ್ ಇದ್ರೆ ಬೆಸ್ಕಾಂ ಸೆಕ್ಷನ್ ಕಚೇರಿಗೆ ಹೇಳಿ ಲೈನ್ ಆಫ್ ಮಾಡಿಸಿಕೊಂಡೇ ಕೆಲಸ ಶುರು ಮಾಡಿ. ತುರ್ತು ಇದ್ರೆ ಸಹಾಯವಾಣಿ 1912. ಬೋರ್ಡ್ ಕಟ್ಟೋಕೆ ಬರೋ ಹುಡುಗರು ದಿನಗೂಲಿಯವರು. "ಬೇಗ ಮುಗಿಸ್ರೋ" ಅನ್ನೋ ಮುಂಚೆ ತಲೆ ಎತ್ತಿ ತಂತಿ ನೋಡಿ.

ಮೇಲೆ ಕನ್ನಡ, ಶೇ 60

ಜಾಗದ ಲೆಕ್ಕ ಮುಗಿದ ಮೇಲೆ ಅಕ್ಷರದ ಲೆಕ್ಕ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆಗಿದೆ. ಅಂಗಡಿ, ಕಾರ್ಖಾನೆ, ಆಸ್ಪತ್ರೆ, ಹೋಟೆಲ್ ಸೇರಿ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಮೂಲೆಯಲ್ಲಿ ಸಣ್ಣದಾಗಿ ಕನ್ನಡ ಬರೆಸಿದ್ರೆ ಆಗೋದಿಲ್ಲ.

ತಪ್ಪಿದ್ರೆ ಮೊದಲ ಸಲ 5,000 ರೂಪಾಯಿವರೆಗೆ, ಎರಡನೇ ಸಲ 10,000ದವರೆಗೆ, ಆಮೇಲೆ ಪ್ರತಿ ಸಲ 20,000ದವರೆಗೆ ದಂಡ. ಲೈಸೆನ್ಸ್ ರದ್ದಾಗೋ ಅಪಾಯವೂ ಇದೆ. ಕಂಪನಿಯವರು ಬೇರೆ ರಾಜ್ಯದಲ್ಲಿ ಪ್ರಿಂಟ್ ಮಾಡಿಸಿ ತಂದ ಬೋರ್ಡ್ ಆದ್ರೂ ಕೇಳೋದು ಅಂಗಡಿಯವರನ್ನೇ. ಡಿಸೈನ್ ಒಪ್ಪೋ ಮುಂಚೆ ಸ್ಕೇಲ್ ಇಟ್ಟು ಅಳೆದು ನೋಡಿ.

ಇನ್ನು ಬಟ್ಟೆಯ ಬದಲು ಪ್ಲಾಸ್ಟಿಕ್ ಫ್ಲೆಕ್ಸ್ ಹಾಕಿಸೋರು ಗಮನಿಸಬೇಕು. 2016ರ ಮಾರ್ಚ್‌ನ ಅಧಿಸೂಚನೆಯಲ್ಲಿ ರಾಜ್ಯ ಸರ್ಕಾರ ನಿಷೇಧ ಮಾಡಿದ ಪಟ್ಟಿಯಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಜೊತೆ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಬಂಟಿಂಗ್ಸ್ ಕೂಡ ಇವೆ. ಬೀದಿ ತುಂಬ ಕಾಣುತ್ತಲ್ಲ ಅನ್ನೋದು ಸಮಜಾಯಿಷಿ ಆಗೋದಿಲ್ಲ.

ಜಿಎಸ್‌ಟಿ ಕಟ್ಟಿದೀವಿ, ಮತ್ತೆ ಇದೇನು?

ಇದೂ ನ್ಯಾಯವಾದ ಪ್ರಶ್ನೆಯೇ. 2017ರ ಜುಲೈ 1ರಿಂದ ಜಿಎಸ್‌ಟಿ ಬಂತು. ಅದಕ್ಕಾಗಿ ಮಾಡಿದ 101ನೇ ಸಂವಿಧಾನ ತಿದ್ದುಪಡಿಯಲ್ಲಿ ರಾಜ್ಯಗಳಿಗಿದ್ದ ಜಾಹೀರಾತು ತೆರಿಗೆಯ ನಮೂದನ್ನೇ ತೆಗೆದುಹಾಕಲಾಯ್ತು. ಹಾಗಿದ್ರೆ ಪಾಲಿಕೆಯವರು ಹೇಗೆ ಕೇಳ್ತಾರೆ ಅಂತ ಹುಬ್ಬಳ್ಳಿ-ಧಾರವಾಡದ ಜಾಹೀರಾತುದಾರರ ಸಂಘ ಹೈಕೋರ್ಟ್‌ಗೆ ಹೋಗಿತ್ತು. ಜಿಎಸ್‌ಟಿ ಬೇರೆ, ಪಾಲಿಕೆ ತನ್ನ ಕಾಯ್ದೆಯಡಿ ಪಡೆಯೋ ಜಾಹೀರಾತು ಶುಲ್ಕ ಅಥವಾ ತೆರಿಗೆ ಬೇರೆ, ಎರಡಕ್ಕೂ ಘರ್ಷಣೆ ಇಲ್ಲ ಅಂತ ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿತು. ಅಂದ್ರೆ ಹೋರ್ಡಿಂಗ್ ಬಾಡಿಗೆ ಮೇಲೆ ಜಿಎಸ್‌ಟಿ ಕಟ್ಟಿದ ಬಿಲ್ ತೋರಿಸಿ ಪಾಲಿಕೆ ಶುಲ್ಕ ತಪ್ಪಿಸಿಕೊಳ್ಳೋಕೆ ಆಗೋದಿಲ್ಲ.

ಹಾಗಂತ ಕೇಳಿದವರಿಗೆಲ್ಲ ಕೈಗೆ ದುಡ್ಡು ಕೊಡಬೇಕಿಲ್ಲ. ಶುಲ್ಕ ಅಂದ್ರೆ ದರಪಟ್ಟಿ ಇರಬೇಕು, ಚಲನ್ ಇರಬೇಕು, ರಸೀದಿ ಬರಬೇಕು. ಯಾವ ಅವಧಿಗೆ ಅಂತ ರಸೀದಿ ಮೇಲೆ ಬರೆದಿರಬೇಕು. ತೆರಿಗೆ ಕಟ್ಟಿದ ಅವಧಿಗೆ ಮಾತ್ರ ಅನುಮತಿ ಜೀವಂತ.

ತಾರಸಿ ಬಾಡಿಗೆಗೆ ಕೊಟ್ಟೋರು

ಹೋರ್ಡಿಂಗ್ ಏಜೆನ್ಸಿಯವರು ಬಂದು ವರ್ಷಕ್ಕೆ ಇಷ್ಟು ಅಂತ ಕೊಟ್ಟು ತಾರಸಿ ಕೇಳ್ತಾರೆ. ಸುಮ್ಮನೆ ಬರೋ ದುಡ್ಡು ಅಂತ ಮನೆ ಮಾಲೀಕರು ಒಪ್ಪಿಕೊಳ್ತಾರೆ. ಅನುಮತಿ ಇಲ್ಲದ ಜಾಹೀರಾತು ಇದ್ರೆ ಅದಕ್ಕೆ ಆ ಕಟ್ಟಡದ ಮಾಲೀಕರು ಅಥವಾ ಅನುಭೋಗದಾರರೇ ಹೊಣೆ ಅಂತ 1976ರ ಕಾಯ್ದೆಯ 137ನೇ ಸೆಕ್ಷನ್ ಹೇಳುತ್ತೆ. ಬೇರೆಯವರು ಹಾಕಿದ್ದು ಅಂತ ಸಾಬೀತು ಮಾಡೋ ಭಾರ ಮಾಲೀಕರ ಮೇಲೆ. ಮುಂದಿನ 138ನೇ ಸೆಕ್ಷನ್‌ನಲ್ಲಿ ನೋಟಿಸ್ ಕೊಟ್ಟು ತೆಗೆಸೋ, ಇಲ್ಲವೇ ಪಾಲಿಕೆಯೇ ಒಳಗೆ ಬಂದು ತೆರವು ಮಾಡೋ ಅಧಿಕಾರ ಇದೆ.

ಇನ್ನೂ ಒಂದು ವಿಷಯ 136ನೇ ಸೆಕ್ಷನ್‌ನಲ್ಲಿದೆ. ಒಮ್ಮೆ ಸಿಕ್ಕ ಅನುಮತಿಯೂ ತಾನಾಗಿ ರದ್ದಾಗಬಹುದು. ಕೇಳದೆ ಬೋರ್ಡನ್ನ ಗಣನೀಯವಾಗಿ ಬದಲಾಯಿಸಿದ್ರೆ, ಬೋರ್ಡ್ ಇರೋ ಕಟ್ಟಡ ಕೆಡವಿದ್ರೆ ಹಳೇ ಕಾಗದಕ್ಕೆ ಬೆಲೆ ಇಲ್ಲ. ಹತ್ತಡಿಗೆ ಅನುಮತಿ ತಗೊಂಡು ಆಮೇಲೆ ಇಪ್ಪತ್ತಡಿ ಮಾಡಿದವರು ಮೊದಲಿನ ಕಾಗದ ಹಿಡಿದುಕೊಂಡು ವಾದ ಮಾಡೋಕೆ ಆಗೋದಿಲ್ಲ.

ಏಜೆನ್ಸಿ ಜೊತೆ ಕರಾರು ಮಾಡೋವಾಗ ಅನುಮತಿ ಪತ್ರದ ಜೆರಾಕ್ಸ್, ಇಂಜಿನಿಯರ್ ಪ್ರಮಾಣಪತ್ರ, ವಿಮೆಯ ಕಾಗದ ಕೇಳಿ. ಮೂರೂ ಕೊಡದವರಿಗೆ ತಾರಸಿ ಬೀಗ ಕೊಡಬೇಡಿ.

ನಿಮ್ಮ ಬೋರ್ಡ್ ಮುಚ್ಚೋ ಫ್ಲೆಕ್ಸ್

ಅಂಗಡಿಯವರ ದೂರು ಇನ್ನೊಂದಿದೆ. ತಾವು ನಿಯಮದ ಪ್ರಕಾರ ಬೋರ್ಡ್ ಹಾಕಿಸಿದ್ರೂ, ಹಬ್ಬ, ಹುಟ್ಟುಹಬ್ಬ, ಚುನಾವಣೆ ಬಂದ್ರೆ ಯಾರೋ ಬಂದು ಮುಂದೆ ಶುಭಾಶಯದ ಫ್ಲೆಕ್ಸ್ ಕಟ್ಟಿ ಹೋಗ್ತಾರೆ. ತಿಂಗಳಾದ್ರೂ ಬಿಚ್ಚೋದಿಲ್ಲ. ಕೇಳಿದ್ರೆ ಜಗಳ.

1981ರ ಕರ್ನಾಟಕ ಬಯಲು ಸ್ಥಳಗಳ ವಿರೂಪ ತಡೆ ಕಾಯ್ದೆ ಇರೋದು ಇಂಥದ್ದಕ್ಕೇ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗದಲ್ಲಿ ಜಾಹೀರಾತು ಹಾಕಿದ್ರೆ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಮೊತ್ತ ಈ ಕಾಲಕ್ಕೆ ತೀರಾ ಕಡಿಮೆ ಅನ್ನೋದು ನಿಜ. ಆದ್ರೂ ಅಂಗಡಿಯವರು ತಾವೇ ಬಿಚ್ಚೋಕೆ ಹೋಗಿ ಜಗಳ ಮೈಮೇಲೆ ಎಳೆದುಕೊಳ್ಳೋ ಬದಲು, ದಿನಾಂಕ ಕಾಣೋ ಹಾಗೆ ಫೋಟೋ ತೆಗೆದು ಪಾಲಿಕೆ ಅಥವಾ ಪಂಚಾಯಿತಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳೋದು ಸರಿಯಾದ ದಾರಿ. ನಾಲ್ಕೈದು ಅಂಗಡಿಯವರು ಸೇರಿ ಸಹಿ ಹಾಕಿದ್ರೆ ಒಬ್ಬರ ಮೇಲೆ ಸಿಟ್ಟು ಬರೋದಿಲ್ಲ.

ನೋಟಿಸ್ ಬಂದ್ರೆ

ಹೆದರಿ ಹರಿದು ಹಾಕಬೇಡಿ. ಮೊದಲು ಯಾವ ಕಚೇರಿಯಿಂದ ಬಂದಿದೆ, ಯಾವ ಕಾಯ್ದೆ, ಯಾವ ಸೆಕ್ಷನ್, ಎಷ್ಟು ದಿನ ಗಡುವು ಅಂತ ನೋಡಿ. ಗಡುವಿನ ಒಳಗೆ ಲಿಖಿತ ಉತ್ತರ ಕೊಡಿ. ನಿಮ್ಮ ವ್ಯಾಪಾರ ಅದೇ ಕಟ್ಟಡದಲ್ಲಿದ್ದು, ಬೋರ್ಡ್ ಗೋಡೆಗೇ ಇದ್ರೆ ಅದನ್ನ ಫೋಟೋ ಸಮೇತ ಬರೆದು ವಿನಾಯಿತಿ ಕೇಳಿ. ಟ್ರೇಡ್ ಲೈಸೆನ್ಸ್ ಜೆರಾಕ್ಸ್ ಜೊತೆಗೆ ಇಡಿ. ದರಪಟ್ಟಿ, ಬೈಲಾ ಕೊಡಲ್ಲ ಅಂದ್ರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ನಿಮ್ಮ ಬೀದಿಯಲ್ಲಿ ಅನುಮತಿ ಇರೋ ಬೋರ್ಡ್ ಎಷ್ಟು ಅಂತಲೂ ಅದರಲ್ಲೇ ಕೇಳಬಹುದು. ಬಡ ಅಂಗಡಿಯವರ ಬೋರ್ಡ್ ಮಾತ್ರ ಕಿತ್ತು, ದೊಡ್ಡವರ ಹೋರ್ಡಿಂಗ್ ಹಾಗೇ ಬಿಟ್ಟಿದ್ರೆ ಅದು ಬಯಲಿಗೆ ಬರೋದು ಆ ಪಟ್ಟಿಯಿಂದಲೇ.

ಬೋರ್ಡ್‌ಗೆ ಹೇಳೋ ಮುಂಚೆ ಐದು ಪ್ರಶ್ನೆ

1. ಬೋರ್ಡ್ ನಿಲ್ಲೋ ಜಾಗ ನನ್ನದೇ ಕಟ್ಟಡದ ಗೋಡೆಯಾ, ತಾರಸಿಯಾ, ರಸ್ತೆಯಾ?
2. ಆ ಜಾಗ ಯಾರ ವ್ಯಾಪ್ತಿ: ಪಾಲಿಕೆ, ಪುರಸಭೆ, ಪಂಚಾಯಿತಿ, ಕೆಐಎಡಿಬಿ, ಹೆದ್ದಾರಿ? ಒಂದಕ್ಕಿಂತ ಹೆಚ್ಚು ಇದ್ರೆ ಎಲ್ಲರ ಕಾಗದ ಇದೆಯಾ?
3. ಅನುಮತಿ ಎಲ್ಲಿವರೆಗೆ? ನವೀಕರಣ ಯಾವಾಗ?
4. ಮೇಲ್ಭಾಗದಲ್ಲಿ ಶೇ 60 ಕನ್ನಡ ಇದೆಯಾ?
5. ಗಾಳಿಗೆ ತಡೆಯುತ್ತಾ? ಹತ್ತಿರ ಕರೆಂಟ್ ಲೈನ್ ಇದೆಯಾ?

ಐದಕ್ಕೂ ಉತ್ತರ ಸಿಕ್ಕ ಮೇಲೆ ಅಡ್ವಾನ್ಸ್ ಕೊಡಿ. ಒಂದು ವಾರ ತಡ ಆದ್ರೂ ಪೂಜೆ ದಿನಕ್ಕೆ ಬಾಗಿಲಿಗೆ ಒಂದು ಬಟ್ಟೆ ಬ್ಯಾನರ್ ಕಟ್ಟಿಕೊಂಡು ಅಂಗಡಿ ತೆಗೀಬಹುದು. ಮೂವತ್ತು ಸಾವಿರದ ಬೋರ್ಡ್ ಜೆಸಿಬಿ ಬಾಯಿಗೆ ಹೋದ್ರೆ ಅದು ವಾಪಸ್ ಬರೋದಿಲ್ಲ.